ಯಕೃತ್ತಿನ ಕೊಬ್ಬಿನ ಎಂಆರ್‌ಐ ಮಾಪನ

ಯಕೃತ್ತಿನಲ್ಲಿ ಸೇರಿಕೊಂಡ ಕೊಬ್ಬನ್ನು ಸೂಜಿ ಚುಚ್ಚದೆ, ಕಾಂತಕ್ಷೇತ್ರ ಮತ್ತು ರೇಡಿಯೋ ಅಲೆಗಳಿಂದ ಅಳೆಯುವ ವಿಧಾನ. ಇದಕ್ಕೂ ಮೊದಲು ಫ್ಯಾಟಿ ಲಿವರ್‌ನ ಖಚಿತ ಪತ್ತೆಗೆ ಸೂಜಿಯಿಂದ ಚೂರು ತೆಗೆದು ನೋಡುವ ಬಯಾಪ್ಸಿಯೊಂದೇ ದಾರಿಯಾಗಿತ್ತು. 1980ರಲ್ಲಿ ಮೇಯೊ ಕ್ಲಿನಿಕ್‌ನ ಲುಡ್‌ವಿಗ್ ಮತ್ತು ಸಂಗಡಿಗರು ಕುಡಿತದ ಚಟವಿಲ್ಲದವರಲ್ಲೂ ಈ ರೋಗ ಉರಿಯೂತಕ್ಕೆ ತಿರುಗುತ್ತದೆಂದು ವಿವರಿಸಿದ್ದು ಬಯಾಪ್ಸಿಯ ಚೂರುಗಳನ್ನು ನೋಡಿಯೇ. ಆದರೆ ಅಂಥ ಚೂರು ಇಡೀ ಯಕೃತ್ತಿನ ಸುಮಾರು 50,000ದಲ್ಲಿ ಒಂದು ಪಾಲು. ಕೊಬ್ಬು ಎಲ್ಲೆಡೆ ಒಂದೇ ಸಮನಾಗಿ ಹರಡಿರುವುದಿಲ್ಲವಾದ್ದರಿಂದ, ಸೂಜಿ ಎಲ್ಲಿ ಇಳಿಯಿತೆಂಬುದನ್ನು ಅವಲಂಬಿಸಿ ಫಲಿತಾಂಶ ಬದಲಾಗಬಹುದು.

ಎಂಆರ್‌ಐ ಚಿತ್ರಗಳಿಗೆ ಕೊಬ್ಬು ಮೊದಮೊದಲು ಕಾಟವಾಗಿತ್ತು. ಕೊಬ್ಬಿನ ಪ್ರೋಟಾನ್‌ಗಳು ಹೊಮ್ಮಿಸುವ ಸಂಕೇತದ ಆವರ್ತನ ನೀರಿನದ್ದಕ್ಕಿಂತ ತುಸು ಕಡಿಮೆ, 1.5 ಟೆಸ್ಲಾ ಯಂತ್ರದಲ್ಲಿ ಸುಮಾರು 220 ಹರ್ಟ್ಸ್ ಅಂತರ. ಹಾಗಾಗಿ ಚಿತ್ರದಲ್ಲಿ ಕೊಬ್ಬು ಜಾಗ ತಪ್ಪಿ ಕಾಣುತ್ತಿತ್ತು. 1984ರಲ್ಲಿ ಅಮೆರಿಕದ ಥಾಮಸ್ ಡಿಕ್ಸನ್ ಆ ಅಂತರವನ್ನೇ ದುಡಿಸಿಕೊಂಡರು. ಎರಡೂ ಸಂಕೇತಗಳು ಹೊಂದಿ ಬರುವ ಕ್ಷಣದಲ್ಲಿ ಒಂದು ಚಿತ್ರ, ಪರಸ್ಪರ ವಿರುದ್ಧವಾಗುವ ಕ್ಷಣದಲ್ಲಿ ಇನ್ನೊಂದು: ಕೂಡಿಸಿದರೆ ನೀರು, ಕಳೆದರೆ ಕೊಬ್ಬು. ಕೊಬ್ಬು ಸೇರಿದ ಯಕೃತ್ತು ಎರಡನೆಯ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ.

ಉಪಾಯ ಇಷ್ಟು ಸರಳವಾಗಿದ್ದರೂ ನಂಬಬಹುದಾದ ಅಂಕಿ ಸಿಗಲು ಎರಡು ದಶಕಗಳೇ ಹಿಡಿದವು. ಯಕೃತ್ತಿನ ಕಬ್ಬಿಣ ಸಂಕೇತವನ್ನು ಬೇಗ ಕುಗ್ಗಿಸಿ ಕೊಬ್ಬನ್ನು ಮರೆಮಾಡುತ್ತಿತ್ತು. ಕೊಬ್ಬಿನದೂ ಒಂದೇ ಆವರ್ತನವಲ್ಲ, ಹಲವು. ಸ್ಕಾಟ್ ರೀಡರ್, ಕ್ಲಾಡ್ ಸರ್ಲಿನ್ ಮೊದಲಾದವರ ತಂಡಗಳು ಸಂಕೇತದ ಆರರಷ್ಟು ಪ್ರತಿಧ್ವನಿಗಳನ್ನು ದಾಖಲಿಸಿ ಇವನ್ನೆಲ್ಲ ಸರಿದೂಗಿಸಿದವು. ಹೀಗೆ ಬಂದದ್ದೇ ‘ಪಿಡಿಎಫ್‌ಎಫ್’ (ಪ್ರೋಟಾನ್ ಡೆನ್ಸಿಟಿ ಫ್ಯಾಟ್ ಫ್ರ್ಯಾಕ್ಷನ್) ಎಂಬ ಶೇಕಡಾವಾರು ಅಳತೆ. ಒಮ್ಮೆ ಉಸಿರು ಬಿಗಿಹಿಡಿಯುವಷ್ಟರಲ್ಲಿ ಇಡೀ ಯಕೃತ್ತಿನ ಲೆಕ್ಕ ಸಿಗುತ್ತದೆ. ಸುಮಾರು ಶೇ 5 ದಾಟಿದರೆ ಫ್ಯಾಟಿ ಲಿವರ್. ನಮ್ಮಲ್ಲಿ ಮನೆಮಾತಾಗಿರುವ ‘ಗ್ರೇಡ್ 1’, ‘ಗ್ರೇಡ್ 2’ ಅಲ್ಟ್ರಾಸೌಂಡಿನ ಕಣ್ಣಂದಾಜು; ಕೊಬ್ಬು ಕಡಿಮೆಯಿದ್ದರೆ ಅದಕ್ಕೆ ತಪ್ಪಿಹೋಗುವುದುಂಟು.

ಕೊಬ್ಬಿನ ಅಂಕಿಯೊಂದನ್ನೇ ನೆಚ್ಚುವುದೂ ಅಪಾಯ. ರೋಗ ಸಿರೋಸಿಸ್‌ಗೆ, ಅಂದರೆ ಯಕೃತ್ತು ಕಲೆಗಟ್ಟಿ ಬಿಗಿಯಾಗುವ ಹಂತಕ್ಕೆ, ಮುಟ್ಟಿದಾಗ ಕೊಬ್ಬು ಕರಗಿ, ಅಳತೆ ಸುಧಾರಿಸಿದಂತೆ ತೋರಬಹುದು. ಆ ಹಂತವನ್ನು ಗುರುತಿಸಲು ಬೇಕಾದದ್ದು ಯಕೃತ್ತಿನ ಬಿಗುವಿನ ಅಳತೆ. 1995ರಲ್ಲಿ ಮೇಯೊ ಕ್ಲಿನಿಕ್‌ನ ರಾಜಾ ಮುತ್ತುಪಿಳ್ಳೈ, ರಿಚರ್ಡ್ ಎಹ್ಮನ್ ಮತ್ತಿತರರು ಪ್ರಕಟಿಸಿದ ಎಂಆರ್ ಎಲಾಸ್ಟೊಗ್ರಫಿ ಇದನ್ನು ಸಾಧ್ಯವಾಗಿಸಿತು: ಪಕ್ಕೆಯ ಮೇಲಿಟ್ಟ ಬಿಲ್ಲೆ 60 ಹರ್ಟ್ಸ್‌ನಲ್ಲಿ ಅದುರುತ್ತದೆ, ಆ ಅಲೆಗಳ ಓಟದಿಂದ ಬಿಗುವು ಕಿಲೋಪ್ಯಾಸ್ಕಲ್‌ಗಳಲ್ಲಿ ಸಿಗುತ್ತದೆ. ಜೀವಕೋಶಗಳ ಉಬ್ಬರ ಮತ್ತು ಉರಿಯೂತವನ್ನು ನೇರವಾಗಿ ನೋಡಲು ಮಾತ್ರ ಈಗಲೂ ಬಯಾಪ್ಸಿಯೇ ಬೇಕು.