ಕಾವಿಯುಟ್ಟ ಪಾದ್ರಿಗಳ ವಿನಯ

ಹಿಂದೆ ಕಾನಕಾನಹಳ್ಳಿಯೆನಿಸಿದ್ದ ಕನಕಪುರದ ಸೀಮೆಯಲ್ಲಿ, ಅರ್ಕಾವತಿಯ ಮಗ್ಗುಲಿಗೆ, ಹಾರೋಬೆಲೆಯೆಂಬ ಗ್ರಾಮವುಂಟು. ಅಲ್ಲಿಯ ಒಕ್ಕಲುಮಕ್ಕಳು ತಲೆತಲಾಂತರದಿಂದ ಕ್ಯಾಥೊಲಿಕರು. ಈ ಸೀಮೆಯ ಕ್ರಿಸ್ತಧರ್ಮದ ಬೇರನ್ನು ಅರಸುವವರು ಕಂಠೀರವ ನರಸರಾಜ ಒಡೆಯರ ಕಾಲಕ್ಕೆ ಹೋಗಬೇಕು. ಆಗ ಚನ್ನಪಟ್ಟಣವು ಜಗದೇವರಾಯನ ವಂಶದ ಕೈತಪ್ಪಿ ಮೈಸೂರಿಗೆ ಸೇರಿತ್ತು. ಮಾಗಡಿಯಲ್ಲಿ ಕೆಂಪೇಗೌಡರ ಪೀಳಿಗೆಯೇ ಆಳುತ್ತಿತ್ತು. 

1649ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ, ಯೂರೋಪನ್ನೇ ಇಬ್ಭಾಗಿಸಿದ್ದ ಒಂದು ವಾದದ ವಾರಸುದಾರನಾಗಿದ್ದನು. ಪೌಲನ ಪತ್ರಿಕೆಗಳನ್ನು ಆಧರಿಸಿ, ಉದ್ಧಾರಕ್ಕೆ ವಿಶ್ವಾಸವೊಂದೇ ಸಾಕೆಂದು ಲೂಥರನು ಸಾರಿದ್ದನು. ಕ್ರಿಯೆಯಿಲ್ಲದ ವಿಶ್ವಾಸವನ್ನು ನಿರ್ಜೀವವೆನ್ನುವ ಯಾಕೋಬನ ಪತ್ರಿಕೆ ಆತನಿಗೆ ಅಷ್ಟಾಗಿ ರುಚಿಸಿರಲಿಲ್ಲ. ವಿಶ್ವಾಸವೊಂದೇ ಸಾಕೆಂಬ ಲೂಥರನ ವಾದವನ್ನು ಟ್ರೆಂಟಿನ ಧರ್ಮಸಭೆ 1547ರಲ್ಲಿ ಖಂಡಿಸಿತು. ಲೂಥರನ ಅನುಯಾಯಿಗಳೂ ರೋಮಿನವರೂ ಈ ವಿಷಯದಲ್ಲಿ ಒಡಂಬಡಿಕೆಗೆ ಬಂದುದು 1999ರಲ್ಲಿ!

ಕ್ರಿಯೆಯೂ ಬೇಕೆನ್ನುವ ರೋಮಿನ ಪಕ್ಷದವನಾದ ಚಿನ್ನಮಿ ಕನ್ನಡ ಕಲಿತನು, ಕನ್ನಡದಲ್ಲಿ ಬರೆದನು, ಕಾವಿಯುಟ್ಟು ಸಂನ್ಯಾಸಿಯಂತೆ ಬಾಳಿದನು. ಈ ವೇಷವು ತ್ಯಾಗದ ಗುರುತೆಂಬುದು ದಿಟವೇ. ಆದರೆ ಉಚ್ಚವರ್ಣದವರ ಗೌರವವನ್ನು ಸಂಪಾದಿಸುವ ಉಪಾಯವೂ ಅದೇ ಆಗಿದ್ದುದರಿಂದ, ಕಾವಿಯುಟ್ಟ ವಿನಯವು ತಾನೇ ಒಂದು ಪದವಿಯಾಗಿ ಪರಿಣಮಿಸಿತೆಂದು ನನಗೆ ತೋರುತ್ತದೆ.

1773ರಲ್ಲಿ ಪೋಪರು ಜೆಸ್ವಿಟ್ ಸಂಘವನ್ನೇ ವಿಸರ್ಜಿಸಿದರು. 1799ರ ತರುವಾಯ ಮೈಸೂರಿಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ, ಜನರ ಬಾಯಲ್ಲಿ ದೊಡ್ಡಸ್ವಾಮಿಯಾಗಿ, ಚದುರಿದ ಕ್ರೈಸ್ತರನ್ನು ಒಗ್ಗೂಡಿಸಿದನು, ಸಾವಿರಾರು ಮಂದಿಗೆ ಸಿಡುಬಿನ ದೇವಿ ಹಾಕಿಸಿದನು. ಇದಕ್ಕಿಂತ ಮಿಗಿಲಾದ ಸತ್ಕ್ರಿಯೆ ಯಾವುದು? ಮತಾಂತರದ ತನ್ನ ಶ್ರಮವೆಲ್ಲ ಬಹುಮಟ್ಟಿಗೆ ನಿಷ್ಫಲವಾಯಿತೆಂದು 1823ರಲ್ಲಿ ಮುದ್ರಿಸಿ ಒಪ್ಪಿಕೊಂಡ ಧೈರ್ಯವೂ ಆತನದೇ. ಆದರೆ ಹಿಂದೂ ಆಚಾರಗಳನ್ನು ಕುರಿತು ಆತನಿಗೆ ಕೀರ್ತಿ ತಂದ ಗ್ರಂಥದ ಬಹುಭಾಗವು ಜೆಸ್ವಿಟ್ ಪಾದ್ರಿ ಕೂರ್ದುವಿನ ಹಸ್ತಪ್ರತಿಗೆ ಋಣಿಯೆಂದು ಸಿಲ್ವಿಯಾ ಮುರ್ ಎಂಬ ವಿದುಷಿ 1987ರಲ್ಲಿ ತೋರಿಸಿಕೊಟ್ಟರು; ಸೋಲನ್ನು ಒಪ್ಪಿದ ಲೇಖನಿಯೇ ಈ ಸಾಲವನ್ನು ಮರೆಸಿತ್ತು.

ಪಾದ್ರಿಗಳು ವಿರಳರಾಗಿದ್ದ ನಡುವಣ ದಶಕಗಳಲ್ಲಿ ಜಪವನ್ನೂ ಉಪವಾಸವನ್ನೂ ಉಳಿಸಿಕೊಂಡು ಬಂದವರು ಒಕ್ಕಲುಮನೆಗಳ ಹೆಂಗಸರೂ ಗಂಡಸರೂ ಆಗಿರಬೇಕು; ಅವರ ಹೆಸರು ಯಾವ ಗ್ರಂಥದಲ್ಲಿಯೂ ಇಲ್ಲ. ಕ್ರಿಸ್ತನು ಶಿಷ್ಯರ ಕಾಲು ತೊಳೆದುದರ ನೆನಪಿಗಾಗಿ, ಶುಭ ಶುಕ್ರವಾರದ ಹಿಂದಿನ ದಿನ ಕ್ಯಾಥೊಲಿಕ್ ದೇವಾಲಯಗಳಲ್ಲಿ ಗುರುಗಳು ಭಕ್ತರ ಪಾದಗಳನ್ನು ತೊಳೆಯುವರಷ್ಟೆ; ಆ ವಿನಯದ ವಿಧಿಗೆ ಸ್ತ್ರೀಯರನ್ನೂ ಆರಿಸಿಕೊಳ್ಳಬಹುದೆಂದು ರೋಮಿನಿಂದ ಅಪ್ಪಣೆಯಾದುದು 2016ರಲ್ಲಿ.