ಸುಲ್ತಾನನ ಉಸ್ತಾದ್, ರಾಜ್ಯದ ರಾಯಭಾರಿ: ಮೀರ್ ಫಜ್ಲುಲ್ಲಾ ಇಂಜೂ

ಶೈಕ್ಷಣಿಕ ಪ್ರವಾಸಕ್ಕೆಂದು ಮಕ್ಕಳನ್ನು ಕಲಬುರಗಿ ಕೋಟೆಗೆ ಕರೆದುಕೊಂಡು ಹೋಗಿದ್ದೆವು. ಜಾಮಿಯಾ ಮಸೀದಿಯ ಕಮಾನುಗಳ ನೆರಳಲ್ಲಿ ನಿಂತು ಬಹಮನಿ ಸುಲ್ತಾನರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಿದ್ದಾಗ ಒಬ್ಬ ವಿದ್ಯಾರ್ಥಿ ಕೇಳಿದ: "ಸರ್, ಈ ರಾಜರಿಗೆ ಸಾಲಿ ಕಲಿಸಿದೋರು ಯಾರ್ರೀ?" ಆ ಹೊತ್ತಿಗೆ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ಮನೆಗೆ ಬಂದು ಪುಸ್ತಕ ಹುಡುಕಿದ ಮೇಲೆ ಸಿಕ್ಕ ಹೆಸರು ಮೀರ್ ಫಜ್ಲುಲ್ಲಾ ಇಂಜೂ. ಆ ಹುಡುಗನಿಗೆ ಕೊಡಬೇಕಿದ್ದ ಉತ್ತರವೇ ಈ ಲೇಖನ.

ಮೀರ್ ಫಜ್ಲುಲ್ಲಾ ಇರಾನಿನ ಶಿರಾಜ್ ನಗರದವರು. ಆ ಕಾಲದ ಮಹಾವಿದ್ವಾಂಸ ಸಾದುದ್ದೀನ್ ತಫ್ತಾಜಾನಿಯವರ ಶಾಗಿರ್ದ್. 1378ರಿಂದ 1397ರವರೆಗೆ ಆಳಿದ ಎರಡನೇ ಮುಹಮ್ಮದ್ ಷಾನ ಕಾಲದಲ್ಲಿ ಇವರು ಗುಲ್ಬರ್ಗಾದಲ್ಲಿ ಸದ್ರ್ ಆಗಿದ್ದರು. ಸದ್ರ್ ಎಂದರೆ ಧಾರ್ಮಿಕ ವ್ಯವಹಾರ ಹಾಗೂ ದತ್ತಿಗಳ ಮೇಲಧಿಕಾರಿ. ಮುಹಮ್ಮದ್ ಷಾ ಯುದ್ಧಕ್ಕಿಂತ ವಿದ್ಯೆಯನ್ನು ಮೆಚ್ಚಿದ ದೊರೆ. ಗುಲ್ಬರ್ಗಾ, ಬೀದರ್, ದೌಲತಾಬಾದ್, ದಾಭೋಳ ಮೊದಲಾದ ಊರುಗಳಲ್ಲಿ ಅನಾಥ ಮಕ್ಕಳಿಗಾಗಿ ಶಾಲೆಗಳನ್ನು ತೆರೆದು, ಉಸ್ತಾದರಿಗೆ ಸಂಬಳ ಗೊತ್ತುಮಾಡಿದನೆಂದು ಇತಿಹಾಸಕಾರ ಫರಿಷ್ತಾ ಬರೆಯುತ್ತಾನೆ. ಅನಾಥಾಲಯದ ಕಟ್ಟಡಕ್ಕಾಗಿ ರಸೀದಿ ಪುಸ್ತಕ ಹಿಡಿದು ಮನೆಮನೆ ತಿರುಗಿದವರಿಗೆ ಈ ಮಾತಿನ ಬೆಲೆ ಗೊತ್ತು.

ಶಿರಾಜಿನ ಮಹಾಕವಿ ಹಾಫಿಜ್ ಅವರನ್ನು ದಖ್ಖನಿಗೆ ಕರೆಸಲು ಹೊರಟವರೂ ಇದೇ ಫಜ್ಲುಲ್ಲಾ. ದಾರಿಖರ್ಚಿಗೆ ಹಣ ಕಳಿಸಿದರು. ಹಾಫಿಜ್ ಅದರಲ್ಲಿ ಸ್ವಲ್ಪ ಹಣವನ್ನು ತಂಗಿಯ ಮಕ್ಕಳಿಗೆ ಕೊಟ್ಟು, ಸಾಲ ತೀರಿಸಿ, ಉಳಿದದ್ದನ್ನು ದಾರಿಯಲ್ಲಿ ದರೋಡೆಗೆ ಸಿಕ್ಕಿದ್ದ ಗೆಳೆಯನಿಗೆ ಕೊಟ್ಟುಬಿಟ್ಟರಂತೆ! ಇಬ್ಬರು ವ್ಯಾಪಾರಿಗಳ ನೆರವಿನಿಂದ ಹಾರ್ಮುಜ್ ಬಂದರಿಗೆ ಬಂದು ಹಡಗು ಹತ್ತಿದರು. ಅಷ್ಟರಲ್ಲಿ ಬಿರುಗಾಳಿ ಎದ್ದಿತು. ಕವಿ ಹೆದರಿ ಹಡಗಿನಿಂದ ಇಳಿದು, ಒಂದು ಗಜಲ್ ಬರೆದು ಫಜ್ಲುಲ್ಲಾ ಅವರಿಗೆ ಕಳಿಸಿ, ಶಿರಾಜಿಗೆ ಮರಳಿದರು. ಕವಿ ಬರದಿದ್ದರೂ ಸುಲ್ತಾನ ಕಾಣಿಕೆ ಕಳಿಸಿದ. ಫರಿಷ್ತಾ ಬಿಜಾಪುರದಲ್ಲಿ ಕುಳಿತು ಇದನ್ನು ಬರೆದದ್ದು ಸುಮಾರು 200 ವರ್ಷಗಳ ನಂತರ. ಆದ್ದರಿಂದ ಅವನ ಕಥೆಗಳನ್ನು ಸ್ವಲ್ಪ ಎಚ್ಚರದಿಂದಲೇ ಓದಬೇಕು.

ಅರಮನೆಯ ಇಬ್ಬರು ಹುಡುಗರು, ಫಿರೋಜ್ ಮತ್ತು ಅಹ್ಮದ್, ಫಜ್ಲುಲ್ಲಾ ಅವರ ಕೈಯಲ್ಲಿ ಓದಿದರು. ಮುಂದೆ ಇಬ್ಬರೂ ಸುಲ್ತಾನರಾದರು. ಫಿರೋಜ್ ಷಾ ಪಟ್ಟಕ್ಕೆ ಬಂದ ಮೇಲೂ ಶನಿವಾರ, ಸೋಮವಾರ, ಗುರುವಾರ ತಾನೇ ಪಾಠ ಹೇಳುತ್ತಿದ್ದನಂತೆ. ಹಗಲು ಬಿಡುವಾಗದಿದ್ದರೆ ರಾತ್ರಿ ಪಾಠ. ರೇಖಾಗಣಿತ, ಖಗೋಳ, ತತ್ವಶಾಸ್ತ್ರ, ಅಲಂಕಾರಶಾಸ್ತ್ರ ಅವನ ವಿಷಯಗಳು. ಅವನು ಕಲಿಸುತ್ತಿದ್ದ ಪುಸ್ತಕಗಳಲ್ಲಿ 'ಶರಹೆ ಮಕಾಸಿದ್' ಮತ್ತು 'ಮುತವ್ವಲ್' ಎರಡೂ ತಫ್ತಾಜಾನಿಯವರವು, ಅಂದರೆ ತನ್ನ ಗುರುವಿನ ಗುರು ಬರೆದವು. ಸೈನ್ಯ, ಖಜಾನೆ ಎಲ್ಲ ಇದ್ದ ದೊರೆ ಹೀಗೆ ಉಸ್ತಾದರಿಂದ ಕಲಿತದ್ದನ್ನು ಮತ್ತೊಬ್ಬರಿಗೆ ದಾಟಿಸುತ್ತಿದ್ದ. ಶಿಕ್ಷಕನಾಗಿ ನನಗೆ ಇಡೀ ಬಹಮನಿ ಇತಿಹಾಸದಲ್ಲಿ ಇದಕ್ಕಿಂತ ಪ್ರಿಯವಾದ ಸಂಗತಿ ಇಲ್ಲ.

ಆದರೆ ಉಸ್ತಾದರ ಬದುಕು ಮದರಸಾದಲ್ಲೇ ಮುಗಿಯಲಿಲ್ಲ. 1397ರಲ್ಲಿ ಮುಹಮ್ಮದ್ ಷಾ ತೀರಿಕೊಂಡ ಮೇಲೆ ಕೆಲವೇ ತಿಂಗಳಲ್ಲಿ ಇಬ್ಬರು ಸುಲ್ತಾನರು ಬಂದು ಹೋದರು. ನವೆಂಬರಿನಲ್ಲಿ ಫಿರೋಜ್ ಸಿಂಹಾಸನ ಏರಿ ತನ್ನ ಗುರುವನ್ನೇ ರಾಜ್ಯದ ವಕೀಲರನ್ನಾಗಿ, ಅಂದರೆ ಪ್ರಧಾನರನ್ನಾಗಿ ಮಾಡಿಕೊಂಡ. ಧರ್ಮಪಂಡಿತರು ರಾಜಕಾರ್ಯಕ್ಕೆ ಇಳಿಯುವುದು ಆಗ ನಮ್ಮಲ್ಲಿ ಮಾತ್ರ ಇದ್ದ ಪದ್ಧತಿಯಲ್ಲ. ಯುರೋಪಿನ ನಾರ್ಮಂಡಿಯಲ್ಲಿ 1141ರಿಂದ 1181ರವರೆಗೆ ಲಿಸಿಯೂ ಪಟ್ಟಣದ ಬಿಷಪ್ ಆಗಿದ್ದ ಆರ್ನುಲ್ಫ್ ಕೂಡ ದೊರೆ ಎರಡನೇ ಹೆನ್ರಿಯ ಪರವಾಗಿ ಪೋಪರ ಬಳಿಗೆ ರಾಯಭಾರ ಹೋದವರು. ಓದುಬರಹ, ಕಾನೂನು, ಪರಭಾಷೆ ಬಲ್ಲವರು ಬೇಕೆಂದಾಗ ದೊರೆಗಳು ಗುರುಗಳ ಕಡೆಗೇ ನೋಡುತ್ತಿದ್ದರು.

ಫಜ್ಲುಲ್ಲಾ ಅವರಿಗೆ ಮೊದಲ ಕಠಿಣ ಪರೀಕ್ಷೆ ಎದುರಾದದ್ದು 1398ರಲ್ಲಿ, ರಾಯಚೂರು ದೋಆಬಿಗಾಗಿ ವಿಜಯನಗರದ ಎರಡನೇ ಹರಿಹರನೊಂದಿಗೆ ಯುದ್ಧ ನಡೆದಾಗ. ಕೃಷ್ಣೆ ತುಂಬಿ ಹರಿಯುತ್ತಿತ್ತು. ಖಾಜಿ ಸಿರಾಜ್ ಎಂಬಾತ ನರ್ತಕಿಯರ ಮೇಳದ ಜೊತೆ ವೇಷ ಮರೆಸಿಕೊಂಡು ವಿಜಯನಗರದ ಪಾಳೆಯ ಹೊಕ್ಕು ರಾಜಕುಮಾರನನ್ನು ಕೊಂದನೆಂದು ಫರಿಷ್ತಾ ಹೇಳುತ್ತಾನೆ. ಆ ಗೊಂದಲದಲ್ಲಿ ಫಿರೋಜನ ಸೇನೆ ನದಿ ದಾಟಿತು, ಬಹಳ ಜನ ಸೆರೆಸಿಕ್ಕರು. ಇದನ್ನು ಗೆಲುವಿನ ಕಥೆಯಾಗಿ ಹೇಳುವವರಿದ್ದಾರೆ. ನನಗೆ ಅದರಲ್ಲಿ ಹೆಮ್ಮೆಪಡುವಂಥದ್ದು ಏನೂ ಕಾಣುವುದಿಲ್ಲ.

ಬಳಿಕ ಸುಲಹ್ ಮಾತುಕತೆಗೆ ಕುಳಿತವರು ಫಜ್ಲುಲ್ಲಾ. ಸೆರೆಯಾದವರಲ್ಲಿ ಬ್ರಾಹ್ಮಣ ಕುಟುಂಬಗಳು ಅನೇಕ. ಹಲವು ಸುತ್ತಿನ ಚೌಕಾಶಿಯ ನಂತರ 11 ಲಕ್ಷ ಹೊನ್ನಿಗೆ ಎಲ್ಲರ ಬಿಡುಗಡೆ ಎಂದಾಯಿತು. ಗಡಿ ಮೊದಲಿದ್ದಲ್ಲೇ ಇರಬೇಕು, ಒಬ್ಬರ ಪ್ರಜೆಗಳಿಗೆ ಇನ್ನೊಬ್ಬರು ತೊಂದರೆ ಕೊಡಬಾರದು ಎಂಬ ಕರಾರೂ ಆಯಿತು. ಫರಿಷ್ತಾ ಇನ್ನೊಂದು ಮಾತು ಸೇರಿಸುತ್ತಾನೆ: 10 ಲಕ್ಷ ಖಜಾನೆಗೆ, 1 ಲಕ್ಷ ಸಂಧಾನ ಮಾಡಿದ ಫಜ್ಲುಲ್ಲಾ ಅವರಿಗೆ. ಆ ಕಾಲದ ರಿವಾಜು ಅದೇ ಇದ್ದಿರಬಹುದು. ಆದರೂ ಕೈದಿಗಳ ಬಿಡುಗಡೆಯ ಹಣದಲ್ಲಿ ಸದ್ರ್ ಸಾಹೇಬರಿಗೆ ಪಾಲು ಎಂಬುದನ್ನು ಓದಿದಾಗ ಮನಸ್ಸಿಗೆ ಇರಿಸುಮುರಿಸಾಗುತ್ತದೆ. ಹಾಗೆಂದು ಆ ಸಾಲನ್ನು ಬಿಟ್ಟು ಬರೆಯುವುದು ಸರಿಯಲ್ಲ.

ಮುಂದಿನ ವರ್ಷ ಖೇರ್ಲಾದ ನರಸಿಂಗರಾಯನ ಮೇಲೆ ದಂಡಯಾತ್ರೆ. ರಣರಂಗದಲ್ಲಿ ಅಹ್ಮದ್ ಸತ್ತನೆಂಬ ಸುದ್ದಿ ಹಬ್ಬಿ ಸೈನ್ಯ ಚದುರತೊಡಗಿತು. ಫಜ್ಲುಲ್ಲಾ ಸುದ್ದಿಯನ್ನು ಮುಚ್ಚಿಟ್ಟು, ನಗಾರಿ ಬಾರಿಸಿ, ಸುಲ್ತಾನನೇ ಬಂದನೆಂದು ಸಾರಿಸಿ ಸೈನ್ಯವನ್ನು ನಿಲ್ಲಿಸಿದರು. ಅಹ್ಮದ್ ಬದುಕಿದ್ದ. ಕೊನೆಗೆ ನರಸಿಂಗರಾಯ ಶರಣಾದ. 1401ರ ಸುಮಾರಿಗೆ ತೈಮೂರನ ಬಳಿಗೆ ಹೋದ ನಿಯೋಗದ ಮುಂದಾಳು ಇವರ ಅಳಿಯ ಮೀರ್ ತಕೀಯುದ್ದೀನ್.

ಅದೇ ವರ್ಷಗಳಲ್ಲಿ ಫಿರೋಜ್ ಷಾ ಭೀಮಾ ನದಿಯ ದಂಡೆಯಲ್ಲಿ ಫಿರೋಜಾಬಾದ್ ನಗರ ಕಟ್ಟಿಸಿದ. ಶಹಾಬಾದಿನವರಿಗೆ ಅದು ದೂರದ ಊರೇನಲ್ಲ. ಹಾಳುಬಿದ್ದ ಕೋಟೆಗೋಡೆ, ದೊಡ್ಡ ಮಸೀದಿ ಇಂದಿಗೂ ಇವೆ. ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿಯ ಶಾಲೆಗಳವರು ಪ್ರವಾಸಕ್ಕೆ ಮೈಸೂರಿನತನಕ ಹೋಗುತ್ತಾರೆ, ಇಲ್ಲಿಗೆ ಬರುವವರು ವಿರಳ.

ಕೊನೆಯದು ಪಾನಗಲ್ಲು, ಈಗ ತೆಲಂಗಾಣದಲ್ಲಿದೆ. 1417ರ ಸುಮಾರಿಗೆ ಶುರುವಾದ ಕೋಟೆಯ ಮುತ್ತಿಗೆ ಎರಡು ವರ್ಷ ಎಳೆಯಿತು. ಪಾಳೆಯದಲ್ಲಿ ರೋಗ ಹರಡಿ ಜನ, ಕುದುರೆ ಸತ್ತರು. ಆಗ ನಡೆದ ಕಾಳಗದಲ್ಲಿ ಫಜ್ಲುಲ್ಲಾ ಮುಂಚೂಣಿಯಲ್ಲಿದ್ದರು, ಗೆಲುವು ಕೈಗೆಟುಕುವಂತಿತ್ತು. ಅಷ್ಟರಲ್ಲಿ ಅವರ ಸ್ವಂತ ಸೇವಕನೊಬ್ಬ ತಲೆಗೆ ಹೊಡೆದು ಕೊಂದ. ಶತ್ರುಪಕ್ಷ ಅವನಿಗೆ ಆಮಿಷ ಒಡ್ಡಿತ್ತೆಂದು ಫರಿಷ್ತಾ ಬರೆಯುತ್ತಾನೆ. ಇಪ್ಪತ್ತು ವರ್ಷಗಳ ಹಿಂದೆ ಕೃಷ್ಣಾ ದಂಡೆಯಲ್ಲಿ ತಮ್ಮ ಪಕ್ಷ ಬಳಸಿದ್ದ ಗುಪ್ತಘಾತದ ಮಾರ್ಗವೇ ಈಗ ಉಸ್ತಾದರ ಡೇರೆಯೊಳಗೆ ಬಂದಿತ್ತು.

ಬಹಮನಿ ಸೇನೆ ಸೋತಿತು. ಫಿರೋಜ್ ಷಾ ಆಮೇಲೆ ಚೇತರಿಸಿಕೊಳ್ಳಲಿಲ್ಲ. 1422ರಲ್ಲಿ ಸಿಂಹಾಸನವನ್ನು ಅಹ್ಮದನಿಗೆ ಬಿಟ್ಟುಕೊಟ್ಟು ಅದೇ ವರ್ಷ ತೀರಿಕೊಂಡ. ಅಹ್ಮದ್ ಷಾ ರಾಜಧಾನಿಯನ್ನು ಬೀದರಿಗೆ ಒಯ್ದ. ಮೊದಲ ಶಾಗಿರ್ದನ ಗೋರಿ ಕಲಬುರಗಿಯ ಹಫ್ತ್ ಗುಂಬದದಲ್ಲಿದೆ. ಎರಡನೆಯವನದು ಬೀದರಿನ ಅಷ್ಟೂರಿನಲ್ಲಿದ್ದು, ಅಲ್ಲಿ ಇಂದಿಗೂ ಹಿಂದೂಗಳು, ಮುಸ್ಲಿಮರು ಕೂಡಿಯೇ ಜಾತ್ರೆ ಮಾಡುತ್ತಾರೆ. ಮುಂದಿನ ಪ್ರವಾಸಕ್ಕೆ ಆ ಹುಡುಗನನ್ನು ಹಫ್ತ್ ಗುಂಬದಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದೇನೆ.