ಹೆಸರಿನ ಬಾಡಿಗೆ: ಬೊಮ್ಮನಹಳ್ಳಿಯಿಂದ ಹೊರವರ್ತುಲ ರಸ್ತೆಯವರೆಗೆ ಉಡುಪು ವ್ಯಾಪಾರ ಮತ್ತು ಬ್ರ್ಯಾಂಡ್ ಪರವಾನಗಿ

ಸಿದ್ಧ ಉಡುಪಿನ ಬೆಲೆಚೀಟಿಯೂ ಸಂಶೋಧನೆಗೆ ಒಂದು ಆಕರ. ಅದರಲ್ಲಿ ಬ್ರ್ಯಾಂಡಿನ ಹೆಸರು ದೊಡ್ಡದಾಗಿರುತ್ತದೆ, ತಯಾರಕರ ಅಥವಾ ಮಾರಾಟಗಾರರ ವಿಳಾಸ ಸಣ್ಣಕ್ಷರಗಳಲ್ಲಿರುತ್ತದೆ. ಈ ಎರಡರ ನಡುವಿನ ಅಂತರವೇ ಪ್ರಸ್ತುತ ಲೇಖನದ ವಿಷಯ. ಜಾಕಿ ಅಮೆರಿಕದ ಹೆಸರು. ಅದನ್ನು ಭಾರತದಲ್ಲಿ ಹೊಲಿದು ಮಾರುವ ಪೇಜ್ ಇಂಡಸ್ಟ್ರೀಸ್‌ನ ನೋಂದಾಯಿತ ಕಚೇರಿ ಬಹುಕಾಲ ಇದ್ದದ್ದು ಬೊಮ್ಮನಹಳ್ಳಿ ಪಕ್ಕದ ಹೊಂಗಸಂದ್ರದ ಕೈಗಾರಿಕಾ ಪ್ರದೇಶದಲ್ಲಿ. ಆಮೇಲೆ ಅದು ಹೊರವರ್ತುಲ ರಸ್ತೆಯ ಟೆಕ್ ಪಾರ್ಕಿಗೆ ಬಂತು. ಹೊಲಿಗೆ ಯಂತ್ರದ ಮಗ್ಗುಲಿನಿಂದ ಕಂಪ್ಯೂಟರಿನ ಮಗ್ಗುಲಿಗೆ ಬಂದ ಈ ವಿಳಾಸದಲ್ಲಿ ಪರವಾನಗಿ ವ್ಯವಹಾರದ ಮೂರು ದಶಕಗಳ ದಿಕ್ಕು ಕಾಣುತ್ತದೆ.

ನನ್ನ ವಾದ ಇಷ್ಟು: ಬ್ರ್ಯಾಂಡ್ ಪರವಾನಗಿ ಎಂದರೆ ಹೆಸರಿನ ಬಾಡಿಗೆ. ಆ ಬಾಡಿಗೆಯ ಷರತ್ತುಗಳನ್ನು ನಿರ್ಧರಿಸುವುದು ಹೆಸರಿನ ಖ್ಯಾತಿಯೊಂದೇ ಅಲ್ಲ. ಗಿರಾಕಿಗೆ ಯಾರು ಹತ್ತಿರವಿದ್ದಾರೆ ಎಂಬುದು ಅದಕ್ಕಿಂತ ಹೆಚ್ಚು ನಿರ್ಣಾಯಕ.

1990ರ ದಶಕದಲ್ಲಿ ಹತ್ತಿರವಿದ್ದವನು ತಯಾರಕ. ಅರವಿಂದ್ ಸಂಸ್ಥೆ 1993ರಲ್ಲಿ ಆ್ಯರೋ ಹೆಸರನ್ನು ತಂದಿತು. ಮದುರಾ ಕೋಟ್ಸ್ ಅದಕ್ಕೂ ಮೊದಲೇ ಲೂಯಿ ಫಿಲಿಪ್ ಮತ್ತು ವ್ಯಾನ್ ಹ್ಯೂಸೆನ್ ಅಂಗಿಗಳನ್ನು ಮಾರುಕಟ್ಟೆಗಿಳಿಸಿತ್ತು. ಫಿಲಿಪೀನ್ಸ್‌ನಲ್ಲಿ 1959ರಿಂದ ಜಾಕಿ ಪರವಾನಗಿ ಹೊಂದಿದ್ದ ಜೀನೋಮಲ್ ಕುಟುಂಬ 1994ರಲ್ಲಿ ಪೇಜ್ ಸ್ಥಾಪಿಸಿ, ಮರುವರ್ಷ ಬೆಂಗಳೂರಿನಲ್ಲಿ ಉತ್ಪಾದನೆ ಆರಂಭಿಸಿತು. ವಿದೇಶಿ ಒಡೆಯ ತಾನೇ ಬಂದು ಅಂಗಡಿ ತೆರೆಯುವುದು ಆಗ ಸುಲಭವಿರಲಿಲ್ಲ. ತಂತ್ರಜ್ಞಾನ ವರ್ಗಾವಣೆಯಿಲ್ಲದೆ ಬರಿಯ ಹೆಸರಿಗೆ ತೆರುವ ರಾಯಧನಕ್ಕೂ ಮಿತಿಯಿತ್ತು. ಸರ್ಕಾರದ ಪೂರ್ವಾನುಮತಿ ಬೇಡದ ಸ್ವಯಂಚಾಲಿತ ಮಾರ್ಗದಲ್ಲಿ ದೇಶೀಯ ಮಾರಾಟದ ಮೇಲೆ ಶೇ 1, ರಫ್ತಿನ ಮೇಲೆ ಶೇ 2. ಸಾವಿರ ರೂಪಾಯಿಯ ಅಂಗಿಗೆ ಹತ್ತು ರೂಪಾಯಿ! ಬಾಡಿಗೆದಾರನಿಗೆ ಅನುಕೂಲವಾಗಿದ್ದ ಈ ಮಿತಿ 2009ರ ಡಿಸೆಂಬರಿನಲ್ಲಿ ರದ್ದಾಯಿತು.

ಒಡೆಯನಿಗೆ ಇನ್ನೊಂದು ಬಾಗಿಲೂ ತೆರೆದಿತ್ತು. ಏಕ ಬ್ರ್ಯಾಂಡ್ ಚಿಲ್ಲರೆ ಮಾರಾಟದಲ್ಲಿ ವಿದೇಶಿ ಹೂಡಿಕೆಗೆ 2006ರಲ್ಲಿ ಶೇ 51ರವರೆಗೆ, 2012ರಲ್ಲಿ ಶೇ 100ರವರೆಗೆ ಅವಕಾಶ ಸಿಕ್ಕಿತು. ಪರವಾನಗಿ ನವೀಕರಣದ ಮಾತುಕತೆಯಲ್ಲಿ ‘ನಾವೇ ಬರುತ್ತೇವೆ’ ಎನ್ನುವುದು ಅಲ್ಲಿಂದ ನಿಜವಾದ ಸಾಧ್ಯತೆಯಾಯಿತು. ಆ ಹೊತ್ತಿಗೆ ವೈಟ್‌ಫೀಲ್ಡ್ ರಸ್ತೆಯ ಮಹದೇವಪುರದಲ್ಲಿ ಫೀನಿಕ್ಸ್ ಮಾರ್ಕೆಟ್‌ಸಿಟಿ (2011) ಬಂದಿತ್ತು. ಹೊಲಿಯುವ ಸಾಮರ್ಥ್ಯಕ್ಕಿಂತ ಇಂಥ ಕಡೆ ಅಂಗಡಿ ಹಿಡಿದಿಟ್ಟುಕೊಳ್ಳುವ ಸಾಮರ್ಥ್ಯವೇ ಬಾಡಿಗೆದಾರನ ಬಲವಾಯಿತು.

ಮಾರತ್ತಹಳ್ಳಿಯ ಫ್ಯಾಕ್ಟರಿ ಔಟ್‌ಲೆಟ್ ಸಾಲನ್ನು ಇಲ್ಲಿ ನಿಂತು ನೋಡಬೇಕು. ಐಟಿ ನೌಕರರ ವಾರಾಂತ್ಯದ ಪೇಟೆಯಾಗಿ ಬೆಳೆದ ಆ ರಸ್ತೆಯ ಬೋರ್ಡುಗಳಲ್ಲಿ ವರ್ಷವಿಡೀ ರಿಯಾಯಿತಿ. ರಾಯಧನವನ್ನು ಯಾವ ಬೆಲೆಯ ಮೇಲೆ ಲೆಕ್ಕ ಹಾಕಬೇಕು? ಮುದ್ರಿತ ಗರಿಷ್ಠ ಬೆಲೆಯ ಮೇಲೋ, ಡೀಲರ್‌ಗೆ ಬರೆದ ಬಿಲ್ಲಿನ ಮೇಲೋ, ರಿಯಾಯಿತಿ ಮತ್ತು ವಾಪಸಾತಿ ಕಳೆದು ಉಳಿದ ಮೊತ್ತದ ಮೇಲೋ? ಡೀಲರ್ ಪೂರ್ತಿ ಹಣ ಕೊಟ್ಟು ಮಾಲು ಎತ್ತುತ್ತಿದ್ದ ಕಾಲದಲ್ಲಿ ಈ ಪ್ರಶ್ನೆಗೆ ತೂಕವಿರಲಿಲ್ಲ. ಮಾರಾಟವಾಗದ್ದು ಹಿಂದಿರುಗಿ ಬರುವ ಪದ್ಧತಿ ಹೆಚ್ಚಿದಂತೆ ಸ್ಟಾಕಿನ ಅಪಾಯ ಬಾಡಿಗೆದಾರನ ಗೋದಾಮಿಗೆ ಮರಳಿತು. ಒಪ್ಪಂದದಲ್ಲಿ ಕನಿಷ್ಠ ಖಾತರಿ ರಾಯಧನವಿದ್ದರಂತೂ ಮಾಲು ಮಾರಲಿ ಬಿಡಲಿ, ಬಾಡಿಗೆ ಕಟ್ಟಲೇಬೇಕು. ಪೀಣ್ಯದ ಒಂದು ಸಣ್ಣ ಘಟಕಕ್ಕೆ ಎಷ್ಟೇ ಒಳ್ಳೆಯ ಹೊಲಿಗೆ ಗೊತ್ತಿದ್ದರೂ ಪರವಾನಗಿ ಕೈಗೆಟುಕದಿರಲು ಈ ಕಲಮು ದೊಡ್ಡ ಕಾರಣವೆಂದು ನಾನು ಭಾವಿಸುತ್ತೇನೆ. ಲೇಬಲ್ ಕತ್ತರಿಸಿದ ‘ಎಕ್ಸ್‌ಪೋರ್ಟ್ ಸರ್‌ಪ್ಲಸ್’ ಅಂಗಿ ನಮಗೆಲ್ಲ ಪರಿಚಿತ. ಬಟ್ಟೆ ಅದೇ, ಹೊಲಿಗೆ ಅದೇ, ಹೆಸರು ಮಾತ್ರ ಇಲ್ಲ. ಹೆಸರಿನ ಬೆಲೆ ಎಷ್ಟೆಂದು ಆ ಕತ್ತರಿ ಗುರುತಿನಷ್ಟು ಸ್ಪಷ್ಟವಾಗಿ ಬೇರೇನೂ ಹೇಳಲಾರದು.

ಉಡುಗೆಯ ರೂಢಿ ಸಡಿಲವಾದದ್ದೂ ಒಪ್ಪಂದಗಳನ್ನು ತಟ್ಟಿತು. ಐಟಿ ಕಚೇರಿಗಳಲ್ಲಿ ಟೀ ಶರ್ಟು ಸಹಜವಾದ ಮೇಲೆ ಫಾರ್ಮಲ್ ಅಂಗಿಯೊಂದನ್ನೇ ನಂಬಿ ಕೂರುವಂತಿರಲಿಲ್ಲ. ಅಂಗಿಗೆ ಹೆಸರಾಗಿದ್ದ ವ್ಯಾನ್ ಹ್ಯೂಸೆನ್ 2016ರಲ್ಲಿ ಒಳ ಉಡುಪಿಗೂ ವಿಸ್ತರಿಸಿ ಜಾಕಿಯ ಅಂಗಳಕ್ಕೆ ಕಾಲಿಟ್ಟಿತು. ಒಂದು ಹೆಸರು ಯಾವ ಯಾವ ಉಡುಪಿಗೆ ಸಲ್ಲುತ್ತದೆ ಎಂಬ ಕಲಮಿಗೆ ಹೊಸ ಮಹತ್ವ ಬಂದದ್ದು ಹೀಗೆ.

ತಯಾರಕ, ಅಂಗಡಿಗಳ ನಂತರದ ಮೂರನೆಯ ಹಂತ ಪರದೆಯದು. ಆನ್‌ಲೈನ್ ಉಡುಪು ಮಾರಾಟದ ಮಿಂತ್ರಾ ಹೊಸೂರು ರಸ್ತೆಯ ಕೂಡ್ಲು ಗೇಟ್ ಬಳಿ ಬೆಳೆದು, ಆಮೇಲೆ ಹೊರವರ್ತುಲ ರಸ್ತೆಯ ಟೆಕ್ ಪಾರ್ಕಿಗೆ ಸೇರಿತು. ಹೃತಿಕ್ ರೋಷನ್ ಅವರ ಎಚ್‌ಆರ್‌ಎಕ್ಸ್ 2013ರಲ್ಲಿ ಅಲ್ಲಿ ಮಾರಾಟಕ್ಕೆ ಬಂತು. 2016ರಲ್ಲಿ ಮಿಂತ್ರಾ ಅದರ ಶೇ 51 ಪಾಲು ಕೊಂಡಿತು. ವಿರಾಟ್ ಕೊಹ್ಲಿ ಜೊತೆಗೂಡಿದ ರಾಂಗ್, ದೀಪಿಕಾ ಪಡುಕೋಣೆ ಜೊತೆಗೂಡಿದ ಆಲ್ ಅಬೌಟ್ ಯೂ ಇದೇ ಕಾಲದವು. ಅಂಗಿಯ ಮೇಲೆ ಹೆಸರು ಬೇರೂರಲು ದಶಕಗಳು ಬೇಕಿದ್ದವು. ನಟ, ಆಟಗಾರರ ಖ್ಯಾತಿ ಆ ಕಾಯುವಿಕೆಯನ್ನು ಕಡಿಮೆ ಮಾಡಿತು. ವಿದೇಶಿ ಹೂಡಿಕೆಯಿರುವ ಆನ್‌ಲೈನ್ ಮಾರುಕಟ್ಟೆ ಸರಕಿನ ದಾಸ್ತಾನು ಹೊಂದುವಂತಿಲ್ಲ ಎಂಬ ನಿಯಮವನ್ನು 2018ರ ಡಿಸೆಂಬರಿನಲ್ಲಿ ಬಿಗಿಗೊಳಿಸಲಾಯಿತು. ಆದರೆ ಹೆಸರಿನ ಒಡೆತನಕ್ಕೆ ಆ ತಡೆಯಿಲ್ಲ. ಮಾರುವ ವೇದಿಕೆಯೇ ಹೆಸರಿನಲ್ಲೂ ಪಾಲುದಾರನಾದಾಗ ಹೊರಗಿನ ಪರವಾನಗಿದಾರ ತನ್ನ ಪ್ರತಿಸ್ಪರ್ಧಿಯ ಅಂಗಡಿಯಲ್ಲೇ ಜಾಗ ಕೇಳಬೇಕಾಗುತ್ತದೆ.

ಒಡೆಯನ ಸ್ವರೂಪವೂ ಬದಲಾಗಿದೆ. ನ್ಯೂಯಾರ್ಕಿನ ಅಥೆಂಟಿಕ್ ಬ್ರ್ಯಾಂಡ್ಸ್ ಗ್ರೂಪ್ ಹೆಸರುಗಳನ್ನು ಕೊಂಡು ಬಾಡಿಗೆಗೆ ಕೊಡುವುದನ್ನೇ ವ್ಯಾಪಾರವಾಗಿಸಿಕೊಂಡ ಸಂಸ್ಥೆ. 2021ರಲ್ಲಿ ಪಿವಿಎಚ್ ಕಂಪನಿಯಿಂದ ಆ್ಯರೋ, ವ್ಯಾನ್ ಹ್ಯೂಸೆನ್ ಎರಡನ್ನೂ ಅದು ಕೊಂಡಿತು. ಅರವಿಂದ್ ಮತ್ತು ಮದುರಾ ಮೂರು ದಶಕ ಎದುರುಬದುರು ನಿಲ್ಲಿಸಿ ಬೆಳೆಸಿದ ಹೆಸರುಗಳ ಜಾಗತಿಕ ಒಡೆತನ ಒಟ್ಟಿಗೇ ಕೈಬದಲಾಯಿತು. ಅಡಿಡಾಸ್‌ನಿಂದ ರೀಬಾಕ್ ಕೊಳ್ಳುವ ಒಪ್ಪಂದವೂ ಅದೇ ವರ್ಷದ್ದು. ವರ್ಷಾಂತ್ಯದೊಳಗೆ ಅದರ ಭಾರತದ ಪರವಾನಗಿ ಆಗ ಮದುರಾದ ಉಡುಪು ಬ್ರ್ಯಾಂಡ್‌ಗಳನ್ನು ನಡೆಸುತ್ತಿದ್ದ ಆದಿತ್ಯ ಬಿರ್ಲಾ ಫ್ಯಾಷನ್‌ಗೆ ಬಂತು. ಕಾರ್ಖಾನೆಯಿಲ್ಲದ ಒಡೆಯನಿಗೆ ಸ್ಥಳೀಯ ಬಾಡಿಗೆದಾರ ಅನಿವಾರ್ಯ. ಇಲ್ಲಿ ಅವಕಾಶ ಹಿಗ್ಗಿದೆ. ಆದರೆ ಹೆಸರನ್ನು ಇಲ್ಲಿ ಬೆಳೆಸಿದ ಶ್ರಮದ ಫಲದಲ್ಲಿ ಬಾಡಿಗೆದಾರನಿಗೂ ಪಾಲು ಬರುವಂಥ ಷರತ್ತು ಒಪ್ಪಂದದಲ್ಲಿಲ್ಲದಿದ್ದರೆ, ಮನೆ ಮಾರಾಟವಾದಾಗ ಅವನು ನೋಡುತ್ತ ನಿಲ್ಲಬೇಕು.

ಈ ಚರ್ಚೆಯಲ್ಲಿ ಹೊಲಿಯುವವರು ಎಲ್ಲಿದ್ದಾರೆ? 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿ ಹಿಂಪಡೆಯುವ ನಿಯಮದ ಬದಲಾವಣೆ ವಿರೋಧಿಸಿ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಹೊಸೂರು ರಸ್ತೆಗೆ ಇಳಿದರು. ಪೀಣ್ಯದ ಕಡೆಗೂ ಪ್ರತಿಭಟನೆ ಹಬ್ಬಿತು. ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಗುಣಮಟ್ಟದ ಕಲಮುಗಳಲ್ಲಿ ಹೊಲಿಗೆಯ ಅಂತರ, ದಾರದ ಬಣ್ಣದವರೆಗೆ ನಮೂದಿಸುವ ಈ ಉದ್ದಿಮೆಯಲ್ಲಿ, ಅಂಗಡಿಯ ರಿಯಾಯಿತಿಯ ಹೊರೆ ಕೂಲಿಯ ಮೇಲೆ ಬೀಳದಂತೆ ತಡೆಯುವ ಒಂದು ಕಲಮನ್ನೂ ಬರೆಯಬಹುದು. ರಾಯಧನಕ್ಕೆ ಕನಿಷ್ಠ ಖಾತರಿ ಕೇಳುವ ಒಡೆಯರಿಗೆ ಹೊಲಿಗೆ ದರದ ಕನಿಷ್ಠ ಖಾತರಿ ಅಪರಿಚಿತ ಕಲ್ಪನೆಯೇನಲ್ಲ.